ನೀಲಿಹಕ್ಕಿಯ ಪೆಟ್ಟಿಗೆ

ಹಕ್ಕಿಗಳನ್ನು ಕಂಡು ಸಂತೋಷಪಡುವುದಕ್ಕೆ ಪಾಂಡಿತ್ಯವು ಬೇಕಾಗಿಲ್ಲ, ಬಿಡುವು ಬೇಕು. ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಗಣಿತವನ್ನು ಕಲಿಸಿ ನಿವೃತ್ತರಾದ ಹಾಸನದ ಕಡೆಯ ಮೇಷ್ಟರೊಬ್ಬರಿಗೆ ಆ ಬಿಡುವು ದೊರೆತದ್ದು ಎಪ್ಪತ್ತನೆಯ ವಯಸ್ಸಿನಲ್ಲಿ. ಅದೂ ಹುಟ್ಟಿದ ಊರಿನಿಂದ ಅರ್ಧ ಭೂಗೋಳದಷ್ಟು ದೂರದಲ್ಲಿ. ಪತ್ನಿಯು ತೀರಿಕೊಂಡ ವರ್ಷದೊಳಗಾಗಿ ಮಗಳು ಅವರನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಕರೆಸಿಕೊಂಡಳು. 2019ರ ಮಾರ್ಚ್ ತಿಂಗಳ ನಡುವೆ ಅವರು ನ್ಯೂಯಾರ್ಕ್ ಸಂಸ್ಥಾನದ ಇಥಾಕಾ ಊರಿನ ಹೊರಗಿದ್ದ ಮಗಳ ಮನೆಯನ್ನು ಸೇರಿದಾಗ ಹಿತ್ತಲಿನಲ್ಲಿ ಹಿಮವು ಇನ್ನೂ ತೇಪೆ ತೇಪೆಯಾಗಿ ಉಳಿದಿತ್ತು.

ಮಗಳೂ ಅಳಿಯನೂ ಎಂಟು ಗಂಟೆಗೆ ಕೆಲಸಕ್ಕೆ ಹೊರಡುವರು; ಹನ್ನೊಂದು ವಯಸ್ಸಿನ ಮೊಮ್ಮಗಳು ಶಾಲೆಯ ಹಳದಿ ಬಸ್ಸನ್ನು ಏರುವಳು. ಅನಂತರ ಮಧ್ಯಾಹ್ನ ಮೂರು ಗಂಟೆಯವರೆಗೆ ಆ ದೊಡ್ಡ ಮನೆಯಲ್ಲಿ ಮೇಷ್ಟರೂ ಗಡಿಯಾರವೂ ಮಾತ್ರ. ಅಡುಗೆಮನೆಯ ಕಿಟಕಿಯಿಂದಾಚೆಗೆ ಒಂದು ಬಯಲು. ಬಯಲಿನ ಅಂಚಿಗೆ ಯಾರೂ ಹಣ್ಣು ಕೊಯ್ಯದ ನಾಲ್ಕಾರು ಹಳೆಯ ಸೇಬಿನ ಮರಗಳು. ಒಂದು ಮರದ ಬೇಲಿ. ಬೇಲಿಯ ಈಚೆಗೆ ಕಬ್ಬಿಣದ ಕಂಬದ ಮೇಲೆ ಕೂರಿಸಿದ ಒಂದು ಮರದ ಪೆಟ್ಟಿಗೆ. ಆ ಪೆಟ್ಟಿಗೆಯ ಮುಖದಲ್ಲಿ ನಿಂಬೆಯ ಹಣ್ಣು ನುಸುಳುವಷ್ಟು ದೊಡ್ಡದಾದ ದುಂಡು ರಂಧ್ರವಿತ್ತು. ಅದನ್ನು ಮೇಷ್ಟರು ಮೊದಲು ಅಂಚೆಯ ಪೆಟ್ಟಿಗೆಯೆಂದೇ ತಿಳಿದರು. ಅಂಚೆಯ ಪೆಟ್ಟಿಗೆಯನ್ನು ಹಿತ್ತಲಿನಲ್ಲಿ ನೆಟ್ಟಿರುವುದೇಕೆಂದು ಕೇಳಲು ಸಂಕೋಚವಾಗಿ ಸುಮ್ಮನಿದ್ದರು.

ಬಂದ ಐದನೆಯ ದಿನವೋ ಆರನೆಯ ದಿನವೋ, ಬೇಲಿಯ ಗೂಟದ ಮೇಲೆ ಒಂದು ಹಕ್ಕಿಯು ಚಳಿಗೆ ಮೈಯುಬ್ಬಿಸಿಕೊಂಡು ಕುಳಿತಿತ್ತು. ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಬೆನ್ನು ನಮ್ಮ ಕಡೆಗಿಲ್ಲದೆ ಎದೆಯು ಮಾತ್ರ ಕಾಣುತ್ತಿದ್ದುದರಿಂದ ಇಟ್ಟಿಗೆಯ ಬಣ್ಣದ ಸಾಧಾರಣ ಹಕ್ಕಿಯೆಂದು ಕಂಡಿತು. ಅಷ್ಟರಲ್ಲಿ ಅದು ತಿರುಗಿತು. ಹಿಮದ ಬಿಳುಪು, ಒಣ ಹುಲ್ಲಿನ ಕಂದು, ಬರಿಯ ಕೊಂಬೆಗಳ ಬೂದಿ, ಇವಲ್ಲದೆ ಬೇರೆ ಬಣ್ಣವನ್ನು ಕಾಣದಿದ್ದ ಆ ಬಯಲಿನ ನಡುವೆ ತಲೆಯಿಂದ ಬಾಲದ ತುದಿಯವರೆಗೆ ಒಂದೇ ಅಖಂಡವಾದ ನೀಲಿಯು ಹೊತ್ತಿಕೊಂಡಂತಾಯಿತು. ಮೇಷ್ಟರ ಕೈಯಲ್ಲಿದ್ದ ಕಾಫಿಯು ಆರಿಹೋಯಿತು. ಊರಿನಲ್ಲಿ ತಂತಿಯ ಮೇಲೆ ಕೂರುವ ನೀಲಕಂಠವನ್ನು ಅವರು ಎಷ್ಟೋ ಸಲ ನೋಡಿದ್ದರು. ಆದರೆ ನೀಲಕಂಠವು ಜಾಣ ಗೃಹಿಣಿಯಂತೆ, ತನ್ನ ಒಳ್ಳೆಯ ಸೀರೆಯನ್ನು ಮಡಿಸಿಟ್ಟುಕೊಂಡು ಹಾರುವಾಗ ಮಾತ್ರ ಬಿಚ್ಚಿ ತೋರುವುದು. ಈ ಹಕ್ಕಿಯಾದರೋ ಹಬ್ಬದ ಬಟ್ಟೆಯನ್ನೇ ನಿತ್ಯವೂ ಉಟ್ಟುಕೊಂಡಿತ್ತು.

ಸಂಜೆ ಮೊಮ್ಮಗಳು ನಕ್ಕು ಹೇಳಿದಳು: ಅದು ಬ್ಲೂಬರ್ಡ್, ನೀಲಿಹಕ್ಕಿ, ಹಿತ್ತಲಿನ ಪೆಟ್ಟಿಗೆಯು ಅದರ ಮನೆಯೇ ಹೊರತು ಅಂಚೆಯವನದಲ್ಲ.

ನೀಲಿಹಕ್ಕಿಯು ಉತ್ತರ ಅಮೆರಿಕಾ ಖಂಡದ ಹಕ್ಕಿ. ಅದರಲ್ಲಿ ಮೂರು ಜಾತಿಗಳುಂಟು. ಪೂರ್ವದ ನೀಲಿಹಕ್ಕಿಗೂ ಪಶ್ಚಿಮದ ನೀಲಿಹಕ್ಕಿಗೂ ಎದೆಯು ಕೆಂಪು. ರಾಕಿ ಪರ್ವತಗಳ ಸುತ್ತಣ ಎತ್ತರದ ಬಯಲುಗಳಲ್ಲಿ ವಾಸಿಸುವ ಮೂರನೆಯದರ ಗಂಡಿಗೆ ಕೆಂಪಿನ ಸೋಂಕೇ ಇಲ್ಲದೆ ಮೈಯೆಲ್ಲ ತಿಳಿನೀಲಿ. ನ್ಯೂಯಾರ್ಕ್ ಸಂಸ್ಥಾನವು 1970ರಲ್ಲಿ ಪೂರ್ವದ ಹಕ್ಕಿಯನ್ನು ತನ್ನ ಲಾಂಛನವಾಗಿ ಆರಿಸಿಕೊಂಡಿತು. ಮಿಸೌರಿ ಸಂಸ್ಥಾನವು 1927ರಲ್ಲಿಯೇ ಹಾಗೆ ಮಾಡಿತ್ತು. ಇದರ ಬೇಟೆಯ ಕ್ರಮವು ಬಹು ಸಾವಧಾನದ್ದು. ಗೂಟದ ಮೇಲೋ ತಗ್ಗಿನ ಕೊಂಬೆಯ ಮೇಲೋ ಸ್ವಲ್ಪ ಬಾಗಿ ಕುಳಿತು, ಹುಲ್ಲಿನಲ್ಲಿ ಮಿಡತೆಯೋ ಜೀರುಂಡೆಯೋ ಅಲುಗಿದರೆ ಥಟ್ಟನೆ ಇಳಿದು, ಹಿಡಿದು, ಮರಳಿ ಅದೇ ಗೂಟಕ್ಕೆ ಬರುವುದು. ಚಳಿಗಾಲದಲ್ಲಿ ಹುಳುಗಳಿಲ್ಲದಾಗ ಕಾಡು ಹಣ್ಣುಗಳಿಂದ ಹೊಟ್ಟೆ ಹೊರೆಯುವುದು. ಕೊರಳು ಮೃದು, ಯಾರನ್ನೋ ನಿದ್ದೆಯಿಂದ ಎಬ್ಬಿಸಲು ಮನಸ್ಸಿಲ್ಲದೆ ಕರೆಯುವವರ ದನಿಯಂತಿರುವುದು.

ಹೀಗೆ ಗೂಟಕ್ಕೆ ಮರಳುವ ಅಭ್ಯಾಸವೇ ಛಾಯಾಚಿತ್ರಗಾರನಿಗೆ ವರವಾಗಿರುವುದು. ಮೊಮ್ಮಗಳು ಅಪ್ಪನ ಕ್ಯಾಮರಾವನ್ನೂ ಉದ್ದನೆಯ ಮಸೂರವನ್ನೂ ತಾತನ ಕೈಗೆ ಕೊಟ್ಟು ಯಾವ ಗುಂಡಿಯನ್ನು ಒತ್ತಬೇಕೆಂದು ಎರಡು ಸಂಜೆ ಪಾಠ ಹೇಳಿದಳು. ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ಪಾಠ ಹೇಳುವುದು ಸುಲಭವಲ್ಲ. ಅವಳಿಗೆ ಸಾಕುಸಾಕಾಯಿತೆಂದು ಕಾಣುತ್ತದೆ. ಮೊದಲ ವಾರದಲ್ಲಿ ತೆಗೆದ ಇನ್ನೂರಕ್ಕೂ ಮೇಲ್ಪಟ್ಟ ಚಿತ್ರಗಳಲ್ಲಿ ಗೂಟವು ಮಾತ್ರ ಚೆನ್ನಾಗಿ ಮೂಡಿತ್ತು. ಹಕ್ಕಿಯಿದ್ದ ಚಿತ್ರಗಳಲ್ಲಿಯೂ ಅದು ನೀಲಿಯಾಗಿರಲಿಲ್ಲ. ಕಿಟಕಿಯ ಎದುರಿನಿಂದ ಬೆಳಕು ಬರುವ ಹೊತ್ತಿನಲ್ಲಿ ತೆಗೆದುವುಗಳಲ್ಲಿ ಮಸಿಯ ಮುದ್ದೆಯಂತೆಯೂ, ಮೋಡದ ದಿನ ತೆಗೆದುವುಗಳಲ್ಲಿ ತೊಳೆದು ಬಣ್ಣಗೆಟ್ಟ ಬಟ್ಟೆಯಂತೆಯೂ ಕಂಡಿತು. ಕಣ್ಣಿಗೆ ಅಷ್ಟು ಉಜ್ಜ್ವಲವಾಗಿದ್ದ ಬಣ್ಣವು ಯಂತ್ರದೊಳಗೆ ಹೊಕ್ಕೊಡನೆ ಎಲ್ಲಿ ಹೋಯಿತು?

ಇದಕ್ಕೆ ಉತ್ತರವು ವಿಸ್ಮಯಕರವಾದದ್ದು. ನೀಲಿಹಕ್ಕಿಯ ಗರಿಯಲ್ಲಿ ನೀಲಿಯ ಬಣ್ಣವೇ ಇಲ್ಲ. ಎದೆಯ ಕೆಂಪನ್ನು ಉಂಟುಮಾಡುವ ವರ್ಣದ್ರವ್ಯವು ಗರಿಯೊಳಗೆ ನಿಜವಾಗಿಯೂ ಉಂಟು. ಬೆನ್ನಿನ ಗರಿಯಲ್ಲಾದರೋ ಇರುವುದು ಕಪ್ಪುಗಂದು ವರ್ಣದ್ರವ್ಯ ಮಾತ್ರ. ಅದರ ಮೇಲ್ಗಡೆ, ಉಗುರು ಕೊಂಬುಗಳನ್ನು ಮಾಡಿರುವ ಕೆರಾಟಿನ್ ಎಂಬ ಪದಾರ್ಥವು ಅತಿ ಸೂಕ್ಷ್ಮವಾದ ಗಾಳಿಯ ಕುಳಿಗಳಿಂದ ತುಂಬಿ ಸ್ಪಂಜಿನಂತೆ ರಚಿತವಾಗಿದೆ. ಬೆಳಕು ಅದರ ಮೇಲೆ ಬಿದ್ದಾಗ ನೀಲಿಯ ಅಲೆಗಳು ಮಾತ್ರ ಬಲವಾಗಿ ಹಿಂದಕ್ಕೆ ಚೆದರಿ ನೋಡುವವನ ಕಣ್ಣನ್ನು ಸೇರುವುವು. ಆಕಾಶವು ನೀಲಿಯಾಗಿ ಕಾಣುವುದು ಯಾವ ಕಾರಣದಿಂದಲೋ ಅದೇ ಕಾರಣದಿಂದ ಇದೂ ಎಂದು ಬಹು ಕಾಲ ನಂಬಿದ್ದರು. 1990ರ ದಶಕದಿಂದೀಚೆಗೆ ನಡೆದ ಸಂಶೋಧನೆಗಳು ಆ ಕುಳಿಗಳು ಹೆಚ್ಚು ಕಡಮೆ ಒಂದೇ ಅಳತೆಯಲ್ಲಿಯೂ ಅಂತರದಲ್ಲಿಯೂ ಇರುವುದೇ ಮುಖ್ಯ ಕಾರಣವೆಂದು ತೋರಿಸಿವೆ. ಗರಿಯನ್ನು ಅರೆದು ಪುಡಿಮಾಡಿದರೆ ನೀಲಿಯು ಹೋಗಿ ಕಂದು ಉಳಿಯುವುದು. ಗರಿಯ ಹಿಂದೆ ಬೆಳಕನ್ನಿಟ್ಟು ನೋಡಿದರೂ ಹಾಗೆಯೇ. ಆದುದರಿಂದ ಈ ಹಕ್ಕಿಯ ಚಿತ್ರವನ್ನು ತೆಗೆಯುವವನು ಸೂರ್ಯನನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲಬೇಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲನ್ನು ಕಾಯಬೇಕು. ಬೆಳಕನ್ನು ಯಂತ್ರದೊಳಗೆ ಸ್ವಲ್ಪ ಕಡಮೆಯಾಗಿಯೇ ಬಿಡಬೇಕು. ಹೆಚ್ಚಾಗಿ ಬಿಟ್ಟರೆ ನೀಲಿಯು ಉಕ್ಕಿ ಗರಿಗಳ ಎಳೆಯೆಳೆಯಾದ ವಿವರವೆಲ್ಲವೂ ಅಳಿಸಿಹೋಗುವುದು. ಗಣಿತದ ಮೇಷ್ಟರಿಗೆ ಈ ಕೋನ, ಅಂತರ, ಅಳತೆಗಳ ಮಾತು ತಟ್ಟನೆ ಹಿಡಿಸಿತು. ಅವರು ಮನೆಯೊಳಗಿನಿಂದ ಎದ್ದು, ಅಳಿಯನ ದಪ್ಪ ಕೋಟನ್ನು ತೊಟ್ಟು, ಬೇಲಿಯ ಪೂರ್ವದ ಮೂಲೆಯಲ್ಲಿ ಒಂದು ಮಡಿಸುವ ಕುರ್ಚಿಯನ್ನು ಹಾಕಿಕೊಂಡು ಕೂರತೊಡಗಿದರು. ತಂದೆಯು ಮನೆಯಿಂದ ಹೊರಗೆ ಬಂದರೆಂಬುದೇ ಮಗಳಿಗೆ ದೊಡ್ಡ ಸಂತೋಷವಾಯಿತು.

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಜೋಡಿಯೊಂದು ಪೆಟ್ಟಿಗೆಯನ್ನು ಒಪ್ಪಿತು. ಹೆಣ್ಣಿನ ಬಣ್ಣವು ಬೂದಿ ಮುಚ್ಚಿದ ನೀಲಿ; ಗೂಡು ಕಟ್ಟುವ ಕೆಲಸವೆಲ್ಲವೂ ಅದರದೇ. ಗಂಡು ಒಂದು ಹುಲ್ಲಿನ ಕಡ್ಡಿಯನ್ನು ಬಾಯಲ್ಲಿ ಹಿಡಿದು ಪೆಟ್ಟಿಗೆಯ ಮೇಲೆ ಕುಳಿತು ರೆಕ್ಕೆಯನ್ನಾಡಿಸುತ್ತಿತ್ತು, ಒಳಗೆ ಇಡುತ್ತಿರಲಿಲ್ಲ. ಒಣ ಹುಲ್ಲಿನ ಅಚ್ಚುಕಟ್ಟಾದ ಬಟ್ಟಲು ಮುಗಿದ ಮೇಲೆ ದಿನಕ್ಕೊಂದರಂತೆ ನಾಲ್ಕು ಮೊಟ್ಟೆಗಳು ಬಂದುವು, ಮೊಟ್ಟೆಗಳೂ ತಿಳಿನೀಲಿ. ಮಗಳು ವಾರಕ್ಕೊಮ್ಮೆ ಪೆಟ್ಟಿಗೆಯ ಪಕ್ಕದ ಬಾಗಿಲನ್ನು ತೆರೆದು ನೋಡಿ ಲೆಕ್ಕವನ್ನು ಬರೆದಿಡುತ್ತಿದ್ದಳು. ಮೇಷ್ಟರಿಗೆ ಹತ್ತಿರದಿಂದ ಒಂದು ಚಿತ್ರವನ್ನು ತೆಗೆಯುವ ಆಸೆ ಬಹಳವಿತ್ತು. ಗೂಡಿನ ಬಾಯಲ್ಲಿ ಮನುಷ್ಯನು ಬಹಳ ಹೊತ್ತು ನಿಂತರೆ ಹೆಣ್ಣು ಕಾವಿಗೆ ಬಾರದೆಂದು ಅವಳು ತಡೆದಳು. ಅವರು ದೂರದ ಕುರ್ಚಿಗೆ ಮರಳಿದರು. ಆ ದಿನಗಳಲ್ಲಿಯೇ ಅವರಿಗೆ ಮೊದಲ ಒಳ್ಳೆಯ ಚಿತ್ರವು ದೊರೆತದ್ದು: ಗೂಟದಿಂದ ಇಳಿಯುವ ಕ್ಷಣದಲ್ಲಿ ಎರಡು ರೆಕ್ಕೆಗಳನ್ನೂ ಅಗಲಿಸಿದ ಗಂಡು ಹಕ್ಕಿ, ಪ್ರತಿಯೊಂದು ಗರಿಯೂ ಎಣಿಸುವಂತೆ ಸ್ಪಷ್ಟ.

ಮರುದಿನ ಪೆಟ್ಟಿಗೆಯ ಮೇಲೆ ಗುಬ್ಬಿಯು ಕುಳಿತಿತ್ತು.

ಯಾವುದೋ ವಿದೇಶದ ಹಕ್ಕಿಯಲ್ಲ. ನಮ್ಮ ಮನೆಯ ಗುಬ್ಬಿಯೇ. ಕೊರಳಿನ ಕೆಳಗೆ ಅದೇ ಕರಿಯ ಪಟ್ಟಿ, ಅದೇ ಕುಪ್ಪಳಿಕೆ, ಅದೇ ಎಡೆಬಿಡದ ಚಿಲಿಪಿಲಿ. ಮೇಷ್ಟರ ಬಾಲ್ಯದ ಮನೆಯಲ್ಲಿ ನಡುಮನೆಯ ಗೋಡೆಗೆ ಓರೆಯಾಗಿ ತೂಗುಹಾಕಿದ್ದ ದೇವರ ಪಟದ ಹಿಂದೆ ವರ್ಷವರ್ಷವೂ ಗುಬ್ಬಿಗಳು ಗೂಡು ಕಟ್ಟುತ್ತಿದ್ದುವು. ಹುಲ್ಲು ಕಸಗಳು ದೇವರ ಮುಂದೆ ಬಿದ್ದರೂ ತಾಯಿಯು ಗೂಡನ್ನು ಕೀಳಗೊಡುತ್ತಿರಲಿಲ್ಲ. ಅಕ್ಕಿ ಕೇರಿದಾಗ ಮೊರದ ನುಚ್ಚನ್ನು ಅಂಗಳಕ್ಕೆ ಚೆಲ್ಲುವಾಗ ಮೊದಲು ಕರೆಯುತ್ತಿದ್ದುದು ಗುಬ್ಬಿಗಳನ್ನೇ. ಈಚೆಗೆ ಬೆಂಗಳೂರಿನ ಬಡಾವಣೆಯಲ್ಲಿ ಇದ್ದ ಹತ್ತು ವರ್ಷಗಳಲ್ಲಿ ಅವರು ಒಂದು ಗುಬ್ಬಿಯನ್ನೂ ಕಂಡಿರಲಿಲ್ಲ. 2010ರಿಂದ ಮಾರ್ಚ್ 20ನೆಯ ದಿನವನ್ನು ಗುಬ್ಬಿಯ ದಿನವೆಂದು ಆಚರಿಸುವ ಪದ್ಧತಿ ಬಂದಿದೆ. ಆಚರಣೆಯ ದಿನವೊಂದು ಬಂತೆಂದರೆ ಆ ವಸ್ತುವು ಅಪರೂಪವಾಗುತ್ತಿದೆಯೆಂದೇ ತಿಳಿಯಬೇಕು. ಕಳೆದುಹೋದ ನೆಂಟನು ಪರದೇಶದ ಬೀದಿಯಲ್ಲಿ ಎದುರಾದಂತೆ ಮೇಷ್ಟರಿಗೆ ಕಣ್ಣು ತುಂಬಿತು. ಅವರು ನೀಲಿಹಕ್ಕಿಯನ್ನು ಬಿಟ್ಟು ಗುಬ್ಬಿಯ ಕಡೆಗೆ ಮಸೂರವನ್ನು ತಿರುಗಿಸಿದರು. ಎರಡು ದಿನ ಆ ಗಂಡು ಗುಬ್ಬಿಯ ಚಿತ್ರಗಳನ್ನೇ ತೆಗೆದರು. ಪೆಟ್ಟಿಗೆಯ ರಂಧ್ರದಲ್ಲಿ ಅದು ತಲೆಯನ್ನು ಹಾಕಿ ಇಣುಕುವ ಚಿತ್ರವೂ ಅವುಗಳಲ್ಲಿ ಒಂದು. ಮನೆಯವರಿಗೆ ಭಾನುವಾರ ಒಟ್ಟಿಗೆ ತೋರಿಸಿ ಅಚ್ಚರಿಪಡಿಸಬೇಕೆಂದು ಯಾರಿಗೂ ಹೇಳದೆ ಇಟ್ಟುಕೊಂಡರು.

ಭಾನುವಾರ ಚಿತ್ರವನ್ನು ನೋಡಿದ ಮಗಳು ಮಾತನಾಡದೆ ಎದ್ದು, ಕಾಲಿಗೆ ಸಿಕ್ಕಿದ ಚಪ್ಪಲಿಯನ್ನು ಮೆಟ್ಟಿಕೊಂಡು ಹಿತ್ತಲಿಗೆ ಓಡಿದಳು. ಪೆಟ್ಟಿಗೆಯ ಬಾಗಿಲನ್ನು ತೆರೆದಾಗ ಒಳಗೆ ಹೆಣ್ಣು ಹಕ್ಕಿಯು ಮೊಟ್ಟೆಗಳ ಮೇಲೆಯೇ ಸತ್ತುಬಿದ್ದಿತ್ತು. ತಲೆಯ ಗರಿಗಳೆಲ್ಲ ಕಿತ್ತುಹೋಗಿ ರಕ್ತವು ಒಣಗಿತ್ತು. ಅದರ ಮೈಮೇಲೆ ಆಗಲೇ ಒರಟು ಹುಲ್ಲು, ಕೋಳಿಯ ಪುಕ್ಕ, ಕಾಗದದ ಚೂರು ಮೊದಲಾದುವುಗಳಿಂದ ಹೊಸ ಗೂಡೊಂದು ಏಳುತ್ತಿತ್ತು. ಇಕ್ಕಟ್ಟಾದ ಪೆಟ್ಟಿಗೆಯೊಳಗೆ ನೀಲಿಹಕ್ಕಿಗೆ ತಪ್ಪಿಸಿಕೊಳ್ಳುವ ಎಡೆಯಿಲ್ಲ. ಗುಬ್ಬಿಯ ಕೊಕ್ಕು ಕಾಳನ್ನು ಒಡೆಯುವ ಗಟ್ಟಿ ಕೊಕ್ಕು.

“ಅಪ್ಪ, ಗುಬ್ಬಿಯನ್ನು ಕಂಡ ದಿನವೇ ನನಗೆ ಹೇಳಬಾರದಾಗಿತ್ತೆ?” ಎಂದಳು ಮಗಳು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಮೇಷ್ಟರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಈ ವೈರದ ಕಥೆಯನ್ನು ಅವರಿಗೆ ವಿವರವಾಗಿ ಹೇಳಿದವರು ನೆರೆಯ ವೃದ್ಧೆಯೊಬ್ಬರು. ಆಕೆಯು ದಾರಿಯುದ್ದಕ್ಕೂ ಇಪ್ಪತ್ತು ಪೆಟ್ಟಿಗೆಗಳನ್ನು ನೆಟ್ಟು ನೋಡಿಕೊಳ್ಳುತ್ತಿದ್ದರು. ಗುಬ್ಬಿಯು ಆ ಖಂಡಕ್ಕೆ ತಾನಾಗಿ ಬಂದದ್ದಲ್ಲ. ನೆರಳಿನ ಮರಗಳನ್ನು ತಿನ್ನುತ್ತಿದ್ದ ಕಂಬಳಿಹುಳುಗಳನ್ನು ಅದು ತಿಂದು ತೀರಿಸುವುದೆಂಬ ನಂಬಿಕೆಯಿಂದ 1850ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಿಂದ ತರಿಸಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಿಟ್ಟರು. 1890ರಲ್ಲಿ ಯೂಜೀನ್ ಶೀಫೆಲಿನ್ ಎಂಬವನು ಅದೇ ನಗರದ ಸೆಂಟ್ರಲ್ ಪಾರ್ಕ್ ಉದ್ಯಾನದಲ್ಲಿ ಯೂರೋಪಿನ ಸ್ಟಾರ್ಲಿಂಗ್ ಹಕ್ಕಿಗಳನ್ನು ಬಿಟ್ಟನು. ಎರಡೂ ಮರದ ಪೊಟರೆಗಳಲ್ಲಿ ಗೂಡು ಮಾಡುವ ಹಕ್ಕಿಗಳು. ನೀಲಿಹಕ್ಕಿಗೂ ಪೊಟರೆಯೇ ಬೇಕು. ಆದರೆ ತಾನಾಗಿ ಕೊರೆಯಲಾರದು, ಮರಕುಟಿಗವು ಬಿಟ್ಟುಹೋದುದನ್ನು ಕಾದು ಪಡೆಯಬೇಕು. ಒಣಗಿದ ಮರಗಳನ್ನೂ ಹಳೆಯ ಮರದ ಬೇಲಿಗಳನ್ನೂ ಜನರು ತೆಗೆದುಹಾಕುತ್ತ ಬಂದರು. ಉಳಿದ ಪೊಟರೆಗಳನ್ನು ಹೊಸಬರು ಹಿಡಿದರು. ಇಪ್ಪತ್ತನೆಯ ಶತಮಾನದ ನಡುಗಾಲದ ವೇಳೆಗೆ ನೀಲಿಹಕ್ಕಿಯು ಪೂರ್ವದ ಎಷ್ಟೋ ಊರುಗಳಲ್ಲಿ ಮುದುಕರ ನೆನಪಿನ ಮಾತಾಗಿತ್ತು.

ಅದನ್ನು ಉಳಿಸಿದುದು ಸರಕಾರಕ್ಕಿಂತ ಹೆಚ್ಚಾಗಿ ಬಡಗಿ ಕೆಲಸವನ್ನು ಅರೆಬರೆಯಾಗಿ ಬಲ್ಲ ಸಾಮಾನ್ಯ ಜನರು. ಇಲಿನಾಯ್ ಸಂಸ್ಥಾನದ ಕ್ವಿನ್ಸಿ ಊರಿನ ಥಾಮಸ್ ಮಸಲ್‌ಮನ್ ಎಂಬವರು 1930ರ ದಶಕದಲ್ಲಿ ರಸ್ತೆಯ ಬದಿಯಲ್ಲಿ ಸಾಲಾಗಿ ಪೆಟ್ಟಿಗೆಗಳನ್ನು ನೆಡುವ ಪದ್ಧತಿಯನ್ನು ಬಳಕೆಗೆ ತಂದರು. ಮೇರಿಲ್ಯಾಂಡಿನಲ್ಲಿ, ಸರಕಾರದ ಕೃಷಿ ಇಲಾಖೆಯಿಂದ ನಿವೃತ್ತರಾದ ಲಾರೆನ್ಸ್ ಝೆಲೆನಿ ಎಂಬ ವಿಜ್ಞಾನಿಯು 1976ರಲ್ಲಿ ಈ ಹಕ್ಕಿಯನ್ನು ಕುರಿತು ಪುಸ್ತಕವನ್ನು ಬರೆದರು. 1978ರಲ್ಲಿ ಅವರ ಮುಂದಾಳುತನದಲ್ಲಿ ಉತ್ತರ ಅಮೆರಿಕಾದ ನೀಲಿಹಕ್ಕಿಯ ಸಂಘವು ಸ್ಥಾಪಿತವಾಯಿತು. ಪೆಟ್ಟಿಗೆಯ ರಂಧ್ರವು ಒಂದೂವರೆ ಅಂಗುಲವಿದ್ದರೆ ಸ್ಟಾರ್ಲಿಂಗ್ ನುಗ್ಗಲಾರದು. ಕಳೆದ ಅರ್ಧ ಶತಮಾನದಲ್ಲಿ ನೀಲಿಹಕ್ಕಿಯ ಸಂಖ್ಯೆಯು ಮತ್ತೆ ಏರಿದುದಕ್ಕೆ ಈ ಅಳತೆಯು ಮುಖ್ಯವಾದುದು. ಆದರೆ ನೀಲಿಹಕ್ಕಿಯು ನುಸುಳುವ ಕಂಡಿಯಲ್ಲಿ ಗುಬ್ಬಿಯೂ ನುಸುಳುವುದು. ಅದನ್ನು ತಡೆಯುವ ಅಳತೆ ಯಾವುದೂ ಇಲ್ಲ. ಮನುಷ್ಯನ ಕೈಯೇ ಆಗಬೇಕು. ವಲಸೆಯ ಹಕ್ಕಿಗಳನ್ನು ಕಾಪಾಡುವ 1918ರ ಕಾಯಿದೆಯಂತೆ ನೀಲಿಹಕ್ಕಿಯ ಗೂಡನ್ನು ಕೆಡಿಸುವುದು ಅಪರಾಧ. ಗುಬ್ಬಿಗೆ ಆ ಕಾಯಿದೆಯ ರಕ್ಷೆಯಿಲ್ಲ. ಗುಬ್ಬಿಯನ್ನು ಬೋನಿನಲ್ಲಿ ಹಿಡಿದು ಕೊಲ್ಲುವವರೂ ಉಂಟು. “ನಾನೂ ಕೊಂದಿದ್ದೇನೆ, ಆ ರಾತ್ರಿ ಊಟ ಸೇರುವುದಿಲ್ಲ” ಎಂದು ಆ ವೃದ್ಧೆಯು ಹೇಳಿದರು.

ಮಗಳು ಬೋನನ್ನು ಒಪ್ಪಲಿಲ್ಲ. ಗುಬ್ಬಿಯು ಕಟ್ಟಿದ ಗೂಡನ್ನು ಮೊಟ್ಟೆಯಿಡುವ ಮೊದಲೇ ದಿನದಿನವೂ ತೆಗೆದುಹಾಕುವುದೊಂದೇ ಉಳಿದ ದಾರಿ. ಬೇಸತ್ತು ಅದು ಬೇರೆಡೆಗೆ ಹೋಗಬಹುದು. ಹಗಲೆಲ್ಲ ಮನೆಯಲ್ಲಿರುವವರು ಮೇಷ್ಟರೊಬ್ಬರೇ. ಹೀಗಾಗಿ ಆ ಕೆಲಸವು ಅವರ ಪಾಲಿಗೆ ಬಂತು.

ಅವರು ಹನ್ನೊಂದು ದಿನ ಅದನ್ನು ಮಾಡಿದರು. ಬೆಳಗ್ಗೆ ಸ್ನಾನ ಮಾಡುವ ಮೊದಲೇ ಹಿತ್ತಲಿಗೆ ಹೋಗಿ ಪೆಟ್ಟಿಗೆಯನ್ನು ತೆರೆದು ಹುಲ್ಲನ್ನು ಈಚೆಗೆ ಎಳೆಯುವರು. ಗಂಡು ಗುಬ್ಬಿಯು ಬೇಲಿಯ ಮೇಲೆ ಕುಳಿತು ಬೈಯುತ್ತಿರುವುದು. ಮಧ್ಯಾಹ್ನದ ವೇಳೆಗೆ ಪೆಟ್ಟಿಗೆಯೊಳಗೆ ಮತ್ತೊಂದು ಹಿಡಿ ಹುಲ್ಲು, ಒಂದು ಪುಕ್ಕ; ಅದನ್ನೂ ತೆಗೆಯುವರು. ಆ ಕಸವನ್ನು ಮನೆಯ ತೊಟ್ಟಿಗೆ ಹಾಕಲು ಮನಸ್ಸಾಗದೆ ಸೇಬಿನ ಮರದ ಬುಡದಲ್ಲಿ ಸುರಿಯುತ್ತಿದ್ದರು. ಗುಬ್ಬಿಯು ಅಲ್ಲಿಂದಲೇ ಅದನ್ನು ಮತ್ತೆ ಎತ್ತಿಕೊಂಡು ಬರುತ್ತಿದ್ದುದನ್ನು ನಾಲ್ಕನೆಯ ದಿನ ಕಂಡುಹಿಡಿದರು. ಕಂಡುಹಿಡಿದ ಮೇಲೆಯೂ ಎರಡು ದಿನ ಅಲ್ಲಿಯೇ ಸುರಿದರೆಂಬುದನ್ನು ಮನೆಯಲ್ಲಿ ಹೇಳಲಿಲ್ಲ. ಆರನೆಯ ದಿನ ಬೇಲಿಯ ಆಚೆಗೆ, ಸತ್ತ ಹೆಣ್ಣು ಹಕ್ಕಿಯನ್ನು ಮಗಳು ಹೂತಿದ್ದ ಜಾಗದ ಬಳಿ ನಿಂತು, ಸ್ವಲ್ಪ ಹೊತ್ತಾದ ಮೇಲೆ, ಹುಲ್ಲನ್ನು ಕಸದ ತೊಟ್ಟಿಗೇ ಹಾಕಿದರು. ಕ್ಯಾಮರಾವನ್ನು ಆ ಹನ್ನೊಂದು ದಿನ ಅವರು ಮುಟ್ಟಲಿಲ್ಲ.

ಹನ್ನೆರಡನೆಯ ದಿನ ಪೆಟ್ಟಿಗೆಯು ಬರಿದಾಗಿತ್ತು.

ಮೇ ತಿಂಗಳ ಮೂರನೆಯ ವಾರದಲ್ಲಿ ಗಂಡು ನೀಲಿಹಕ್ಕಿಯು ಎಲ್ಲಿಂದಲೋ ಹೊಸ ಸಂಗಾತಿಯನ್ನು ಕರೆತಂದಿತು. ಅದು ಹಳೆಯ ಗಂಡೇ ಹೌದೆಂದು ಮೇಷ್ಟರು ಹಟ ಹಿಡಿದರು. ಎಡರೆಕ್ಕೆಯ ಒಂದು ಗರಿಯು ಮುರಿದಿದ್ದುದು ಅವರ ಹಳೆಯ ಚಿತ್ರದಲ್ಲಿಯೂ ಇತ್ತು. ಛಾಯಾಚಿತ್ರದಿಂದ ಇಂತಹ ಪ್ರಯೋಜನವೂ ಉಂಟು. ಮೊದಲನೆಯ ಮೊಟ್ಟೆಯು ಬಂದೊಡನೆ ಮಗಳು ವೃದ್ಧೆಯ ಸಲಹೆಯಂತೆ ಪೆಟ್ಟಿಗೆಯ ಮೇಲೆ ಒಂದು ಕಡ್ಡಿಯನ್ನು ನಿಲ್ಲಿಸಿ, ಗಾಳಿಗೆ ಅಲುಗುವ ಹೊಳಪಿನ ಕಾಗದದ ಪಟ್ಟಿಗಳನ್ನು ಇಳಿಬಿಟ್ಟಳು. ಗುಬ್ಬಿಯು ಈ ಹೊಳಪಿಗೆ ಅಂಜುವುದು. ಮೊಟ್ಟೆಯಿಟ್ಟ ನೀಲಿಹಕ್ಕಿಯು ಅಂಜದು. ಮದುವೆಯ ಚಪ್ಪರದಂತೆ ಮಿಣುಗುಟ್ಟುತ್ತಿದ್ದ ಆ ಅಲಂಕಾರವು ಪ್ರತಿಯೊಂದು ಚಿತ್ರದಲ್ಲಿಯೂ ಅಡ್ಡ ಬಂತು. ಮೇಷ್ಟರು ಅದನ್ನು ಒಂದು ದಿನವೂ ಸರಿಸಲಿಲ್ಲ. ಜೂನ್ ನಡುವೆ ಮರಿಗಳು ಒಡೆದುವು. ಹನ್ನೆರಡು ದಿನಗಳಾದ ಮೇಲೆ ಪೆಟ್ಟಿಗೆಯನ್ನು ತೆರೆಯಬಾರದು. ತೆರೆದರೆ ಹಾರಲಾರದ ಮರಿಗಳು ಅಂಜಿ ನೆಗೆಯುವುವು. ಅಷ್ಟರಿಂದಾಚೆಗೆ ದೂರದಿಂದ ನೋಡಿದುದೇ ಲೆಕ್ಕ. ಜುಲೈ ಮೊದಲ ವಾರದ ಒಂದು ಬೆಳಗ್ಗೆ ನಾಲ್ಕು ಮರಿಗಳೂ ಒಂದೊಂದಾಗಿ ಸೇಬಿನ ಮರವನ್ನು ಸೇರಿದುವು. ಎದೆಯ ತುಂಬ ಚುಕ್ಕೆ, ರೆಕ್ಕೆಯಲ್ಲಿ ಮಾತ್ರ ಒಂದು ಗೆರೆ ನೀಲಿ. ಮೂರನೆಯದರ ಚಿತ್ರವು ಚೆನ್ನಾಗಿ ಬಂತು.

ಜುಲೈ ಕೊನೆಯ ವಾರದಲ್ಲಿ ಮೇಷ್ಟರು ಊರಿಗೆ ಹೊರಡುವ ವೇಳೆಗೆ ಜೋಡಿಯು ಇನ್ನೊಂದು ಸಲ ಗೂಡಿಗೆ ತೊಡಗಿತ್ತು. ಅಳಿಯನು ಚಿತ್ರಗಳಲ್ಲಿ ಆರನ್ನು ಕಾಗದದ ಮೇಲೆ ಅಚ್ಚುಮಾಡಿಸಿ ಕೊಟ್ಟನು. ಐದು ನೀಲಿಹಕ್ಕಿಯವು, ಆರನೆಯದು ರಂಧ್ರದಲ್ಲಿ ಇಣುಕುವ ಗುಬ್ಬಿಯದು. ಅದನ್ನು ಮೇಷ್ಟರೇ ಕೇಳಿ ಮಾಡಿಸಿಕೊಂಡಿದ್ದರು. ಏಕೆಂದು ಯಾರೂ ವಿಚಾರಿಸಲಿಲ್ಲ.

ಹೊರಡುವ ಹಿಂದಿನ ಸಂಜೆ ಅವರು ಮೊಮ್ಮಗಳನ್ನು ಪೆಟ್ಟಿಗೆಯ ಬಳಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಪಾಠದಂತೆ ಒಪ್ಪಿಸಿದರು. ನವುರಾದ ಹುಲ್ಲಿನ ಬಟ್ಟಲು ಇದ್ದರೆ ನೀಲಿಹಕ್ಕಿಯದು, ಮುಟ್ಟಬಾರದು. ಪುಕ್ಕವೂ ಕಾಗದವೂ ಕಲಸಿದ ಒರಟು ಮುದ್ದೆಯಾದರೆ ಗುಬ್ಬಿಯದು. ಅದನ್ನು ಅದೇ ದಿನ, ಮೊಟ್ಟೆಯಿಡುವ ಮೊದಲೇ, ತೆಗೆದುಬಿಡಬೇಕು.

“ಆಗಲೇ ಮೊಟ್ಟೆಯಿಟ್ಟುಬಿಟ್ಟಿದ್ದರೆ, ತಾತ?” ಎಂದು ಹುಡುಗಿಯು ಕೇಳಿದಳು.

ಮೇಷ್ಟರು ಪೆಟ್ಟಿಗೆಯ ಬಾಗಿಲಿನ ಅಗುಳಿಯನ್ನು ಇನ್ನೊಮ್ಮೆ ತಿರುವಿ ನೋಡಿದರು. ಅದು ಬಿಗಿಯಾಗಿಯೇ ಇತ್ತು. “ದಿನವೂ ನೋಡುತ್ತಿರು, ಮಗು” ಎಂದು ಹೇಳಿ ಮನೆಯ ಕಡೆಗೆ ನಡೆದರು.